ಎಲ್ಲಿ ನೆಲೆಸೋಣ? ಸಂಬಳದ ಲೆಕ್ಕದ ಜೊತೆ ಸಮಯದ ಲೆಕ್ಕವೂ ಇರಲಿ

(ಊರಿನ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಉದ್ಯೋಗ ಮತ್ತು ಕುಟುಂಬ' ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾನು ಮೊದಲು ಹಿಂಜರಿದೆ. ಈ ಸಭೆಯಲ್ಲಿ ಕುಳಿತಿರುವ ಹಲವರು ಇಪ್ಪತ್ತು ಇಪ್ಪತ್ತೈದು ವರ್ಷ ಕೊಲ್ಲಿ ರಾಷ್ಟ್ರಗಳ ಬಿಸಿಲಿನಲ್ಲಿ ದುಡಿದು ಬಂದವರು. ನಿಮ್ಮ ಬೆವರಿನ ಹಣದಿಂದ ನಮ್ಮ ಕರಾವಳಿಯ ಮನೆಗಳು ಎದ್ದು ನಿಂತಿವೆ, ಶಾಲೆಗಳು ನಡೆದಿವೆ, ಎಷ್ಟೋ ಬಡ ಹೆಣ್ಣುಮಕ್ಕಳ ವಿವಾಹಗಳು ನೆರವೇರಿವೆ. ನಿಮಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಆದ್ದರಿಂದ ನನ್ನ ಮನೆಯ ಲೆಕ್ಕದ ಪುಸ್ತಕವನ್ನೇ ನಿಮ್ಮ ಮುಂದೆ ತೆರೆದಿಡುತ್ತೇನೆ.

ನನ್ನ ತಂದೆ ಸೌದಿ ಅರೇಬಿಯಾದ ಜುಬೈಲ್‌ನಲ್ಲಿ 22 ವರ್ಷ ದುಡಿದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮನೆಗೆ ಫೋನು ಬರುವ ಮೊದಲು, ಊರಿಗೆ ಬರುವವರ ಕೈಯಲ್ಲಿ ಅವರು ಕ್ಯಾಸೆಟ್ ಕಳುಹಿಸುತ್ತಿದ್ದರು. ಉಮ್ಮ ಅದನ್ನು ಟೇಪ್ ರೆಕಾರ್ಡರಿಗೆ ಹಾಕುತ್ತಿದ್ದರು. ನಾವು ಮಕ್ಕಳು ಸುತ್ತ ಕುಳಿತು, 'ಚೆನ್ನಾಗಿ ಓದಿ, ಉಮ್ಮನಿಗೆ ತೊಂದರೆ ಕೊಡಬೇಡಿ' ಎಂಬ ಮಾತು ಕೇಳುತ್ತಿದ್ದೆವು. ಅವರ ಮುಖಕ್ಕಿಂತ ಮೊದಲು ಅವರ ಧ್ವನಿಯನ್ನು ಅರಿತವನು ನಾನು. ದೊಡ್ಡವನಾದ ಮೇಲೆ ಒಂದು ದಿನ ಲೆಕ್ಕ ಹಾಕಿದೆ. 22 ವರ್ಷಗಳಲ್ಲಿ ಹನ್ನೊಂದು ರಜೆ, ಒಟ್ಟು 22 ತಿಂಗಳು. ನನ್ನ ಬಾಲ್ಯ ಮತ್ತು ಯೌವನದ ಅಷ್ಟೂ ಕಾಲದಲ್ಲಿ ನನ್ನ ತಂದೆ ನಮ್ಮೊಂದಿಗಿದ್ದುದು ಎರಡು ವರ್ಷಕ್ಕೂ ಕಡಿಮೆ!

ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅವರ ಸೂಟ್‌ಕೇಸ್ ಹಲವು ತಿಂಗಳು ಮಂಚದ ಕೆಳಗೆ ಹಾಗೆಯೇ ಇತ್ತು. ಬಟ್ಟೆಯನ್ನು ಅದರಿಂದಲೇ ತೆಗೆದು ತೊಡುತ್ತಿದ್ದರು. ತಾವೇ ಕಟ್ಟಿಸಿದ ಮನೆಯಲ್ಲಿ ಚಹಾಪುಡಿಯ ಡಬ್ಬ ಎಲ್ಲಿದೆಯೆಂದು ಅವರಿಗೆ ತಿಳಿದಿರಲಿಲ್ಲ. ಬಾಗಿಲು ಬಡಿಯಬೇಕಿಲ್ಲದ ಅತಿಥಿಯಂತೆ ಅವರು ಮನೆಯೊಳಗೆ ನಡೆಯುತ್ತಿದ್ದರು. ಇದರಲ್ಲಿ ತಪ್ಪು ಯಾರದು? ಅವರದಲ್ಲ, ಉಮ್ಮನದೂ ಅಲ್ಲ. ಇಬ್ಬರೂ ತಮ್ಮ ಪಾಲಿನ ತ್ಯಾಗವನ್ನು ಮಾಡಿದ್ದರು. ಆದರೆ ಆ ತ್ಯಾಗದ ಬೆಲೆ ಎಷ್ಟೆಂದು ಮುಂಚಿತವಾಗಿ ಕುಳಿತು ಲೆಕ್ಕ ಹಾಕಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ವಲಸೆ ತಪ್ಪಲ್ಲ

ಜೀವನೋಪಾಯಕ್ಕಾಗಿ ಊರು ಬಿಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಮಕ್ಕಾದಿಂದ ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್ ಅವರಿಗೆ ಅಲ್ಲಿನ ಸಹೋದರ ತನ್ನ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ, ಅವರು ಅದನ್ನು ನಯವಾಗಿ ನಿರಾಕರಿಸಿ ಮಾರುಕಟ್ಟೆಯ ದಾರಿ ಕೇಳಿದ ಘಟನೆ ನಮಗೆಲ್ಲ ತಿಳಿದಿದೆ. ಹೊಸ ಊರಿನಲ್ಲಿ ದುಡಿದು ಬದುಕುವುದು ಗೌರವದ ಮಾತು.

ಆದರೆ ಇನ್ನೊಂದು ಘಟನೆಯೂ ನಮ್ಮ ಚರಿತ್ರೆಯಲ್ಲಿದೆ. ಖಲೀಫ ಉಮರ್(ರ) ರಾತ್ರಿ ಗಸ್ತು ತಿರುಗುತ್ತಿದ್ದಾಗ, ಗಂಡ ಯುದ್ಧಭೂಮಿಗೆ ಹೋಗಿ ಬಹುಕಾಲವಾದ ಮಹಿಳೆಯೊಬ್ಬಳ ಒಂಟಿತನದ ಅಳಲು ಅವರ ಕಿವಿಗೆ ಬಿತ್ತು. ಅವರು ಮಗಳು ಹಫ್ಸಾ(ರ) ಅವರ ಬಳಿ ಹೋಗಿ, ಪತ್ನಿಯೊಬ್ಬಳು ಪತಿಯ ಅಗಲಿಕೆಯನ್ನು ಎಷ್ಟು ಕಾಲ ಸಹಿಸಬಲ್ಲಳು ಎಂದು ವಿಚಾರಿಸಿದರು. ಬಳಿಕ ಸೈನಿಕರನ್ನು ಅದಕ್ಕಿಂತ ಹೆಚ್ಚು ಕಾಲ ಮನೆಯಿಂದ ದೂರ ಇರಿಸಬಾರದೆಂದು ಆಜ್ಞೆ ಹೊರಡಿಸಿದರು. ಆ ಅವಧಿ ಕೆಲವು ವರದಿಗಳಲ್ಲಿ ನಾಲ್ಕು ತಿಂಗಳು, ಕೆಲವು ವರದಿಗಳಲ್ಲಿ ಆರು ತಿಂಗಳು. ಯುದ್ಧಕಾಲದಲ್ಲಿ ಒಂದು ಸಾಮ್ರಾಜ್ಯದ ಆಡಳಿತಗಾರ ಕೇಳಿದ ಪ್ರಶ್ನೆಯನ್ನು ಶಾಂತಿಕಾಲದಲ್ಲಿ ನಾವು ನಮ್ಮ ಮನೆಯಲ್ಲಿ ಎಂದಾದರೂ ಕೇಳಿದ್ದೇವೆಯೇ? ಆ ನಿರ್ಧಾರಕ್ಕೆ ಮೊದಲು ಅಭಿಪ್ರಾಯ ಕೇಳಲಾದದ್ದು ಒಬ್ಬ ಮಹಿಳೆಯಲ್ಲಿ ಎಂಬುದನ್ನೂ ಗಮನಿಸಬೇಕು.

ಕುಟುಂಬ ಸಮೇತ ಕೊಲ್ಲಿಗೆ?

'ಹಾಗಾದರೆ ಹೆಂಡತಿ ಮಕ್ಕಳನ್ನು ಜೊತೆಗೇ ಕರೆದುಕೊಂಡು ಹೋಗೋಣ' ಎಂದು ಯುವಕರು ಹೇಳುತ್ತಾರೆ. ಸಾಧ್ಯವಿರುವವರಿಗೆ ಅದು ಒಳ್ಳೆಯದೇ. ಯುಎಇಯಲ್ಲಿ 2019ರಲ್ಲಿ ನಿಯಮ ಬದಲಾಗಿ, 4,000 ದಿರ್ಹಮ್ ಸಂಬಳವಿರುವವರು, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಪಡೆಯುವವರು ಕುಟುಂಬವನ್ನು ಕರೆಸಿಕೊಳ್ಳಲು ಅವಕಾಶವಾಯಿತು. 2022ರ ಜನವರಿಯಿಂದ ಅಲ್ಲಿನ ಸರಕಾರಿ ಕಚೇರಿಗಳಿಗೆ ವಾರಕ್ಕೆ ನಾಲ್ಕೂವರೆ ದಿನದ ಕೆಲಸ ಬಂತು. ಶಾರ್ಜಾದಲ್ಲಿ ಸರಕಾರಿ ನೌಕರರಿಗೆ ಮೂರು ದಿನ ವಾರದ ರಜೆಯಾಯಿತು. ಇದನ್ನು ಕೇಳಿ ನಮ್ಮ ಮನಸ್ಸು ಅರಳುತ್ತದೆ. ಆದರೆ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಖಾಸಗಿ ಸಂಸ್ಥೆಯಲ್ಲಿ ದುಡಿಯುವ ನಮ್ಮ ಹುಡುಗರಿಗೆ ಆ ಕಾನೂನು ಅನ್ವಯಿಸಲಿಲ್ಲ ಎಂಬುದನ್ನು ಮರೆಯಬಾರದು. ವೀಸಾ ಸಿಗಲು ಸಾಕಾಗುವ ಸಂಬಳವೇ ಬೇರೆ. ಬಾಡಿಗೆ, ಶಾಲಾ ಶುಲ್ಕ, ಆಸ್ಪತ್ರೆಯ ಖರ್ಚು ಕಳೆದು ಬದುಕಲು ಸಾಕಾಗುವ ಸಂಬಳವೇ ಬೇರೆ.

ಸೌದಿಯ ಅನುಭವವನ್ನೂ ನೋಡಿ. 2017ರ ಜುಲೈಯಲ್ಲಿ ಅಲ್ಲಿ ವಿದೇಶಿ ನೌಕರರ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಆರಂಭವಾಯಿತು. ವರ್ಷಕ್ಕೆ 100ರಂತೆ ಏರಿ 2020ರ ಹೊತ್ತಿಗೆ ಅದು 400 ರಿಯಾಲ್ ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ ವ್ಯಕ್ತಿ ವರ್ಷಕ್ಕೆ 14,400 ರಿಯಾಲ್ ಕಟ್ಟಬೇಕಾಯಿತು. ಅದೇ 2020ರಲ್ಲಿ ಮೌಲ್ಯವರ್ಧಿತ ತೆರಿಗೆಯೂ ಶೇ. 5ರಿಂದ ಶೇ. 15ಕ್ಕೆ ಏರಿತು. ಭಾರವನ್ನು ತಾಳಲಾರದೆ ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಮತ್ತೆ ಬ್ಯಾಚುಲರ್ ರೂಮು ಸೇರಿದರು. ನಡುವರ್ಷದಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳು ಇಲ್ಲಿ ಕನ್ನಡ ಓದಲು ತಡವರಿಸಿದರು. ನಮ್ಮದಲ್ಲದ ದೇಶದಲ್ಲಿ ನಮ್ಮ ಸಂಸಾರದ ಆಯುಷ್ಯ ಒಂದು ಸುತ್ತೋಲೆಯ ಮೇಲೆ ನಿಂತಿರುತ್ತದೆ. ಹೋಗುವವರು ಇದನ್ನು ತಿಳಿದೇ ಹೋಗಲಿ.

ಬೆಂಗಳೂರು ಕಲಿಸಿದ ಪಾಠ

ನಾನು ತಂದೆಯ ಬದುಕಿನಿಂದ ಪಾಠ ಕಲಿತೆನೆಂದು ಭಾವಿಸಿ ಕೊಲ್ಲಿಗೆ ಹೋಗಲಿಲ್ಲ. ಪತ್ನಿ ಮತ್ತು ಮಗಳೊಂದಿಗೆ ಬೆಂಗಳೂರಿಗೆ ಹೋದೆ. ಒಂದೇ ಸೂರಿನಡಿ ಇದ್ದರೆ ಸಾಕಲ್ಲವೇ ಎಂಬುದು ನನ್ನ ತರ್ಕ.

ಮೊದಲ ಕಷ್ಟ ಮನೆ ಹುಡುಕುವುದು. ಫೋನಿನಲ್ಲಿ ಖಾಲಿಯಿದ್ದ ಮನೆ, ಹೆಸರು ಹೇಳಿದೊಡನೆ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಈ ಅನುಭವ ನಿಮ್ಮಲ್ಲಿ ಹಲವರಿಗೂ ಆಗಿರಬಹುದು. ಕೊನೆಗೆ ಕಚೇರಿಯಿಂದ ಬಹುದೂರದ ಬಡಾವಣೆಯಲ್ಲಿ ಮನೆ ಸಿಕ್ಕಿತು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. 2022ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಗರಮಧ್ಯದಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಆ ಪಟ್ಟಿಯಲ್ಲಿ ಲಂಡನ್ ನಂತರದ ಸ್ಥಾನ ಬೆಂಗಳೂರಿನದು. ನನ್ನ ಲೆಕ್ಕದಲ್ಲಿ ದಿನಕ್ಕೆ ಮೂರು ಗಂಟೆ, ತಿಂಗಳಿಗೆ 25 ದಿನ, ಒಟ್ಟು 75 ಗಂಟೆ. ಅಂದರೆ ಪ್ರತಿ ತಿಂಗಳು ಮೂರು ಹಗಲು, ಮೂರು ರಾತ್ರಿಗಿಂತಲೂ ಹೆಚ್ಚು ಕಾಲ ನಾನು ಬಸ್ಸಿನಲ್ಲಿ ವಾಸವಾಗಿದ್ದೆ.

ಒಂದು ಭಾನುವಾರ ಹೊರಗೆ ಹೊರಟಿದ್ದೆವು. ಮೂರೂವರೆ ವರ್ಷದ ಮಗಳು ಶೂ ಹಿಡಿದುಕೊಂಡು ಬಂದಳು. ನಾನು ಕೈಚಾಚಿದೆ. ಅವಳು ನನ್ನನ್ನು ದಾಟಿ ಒಳಗೆ ಹೋಗಿ, 'ಉಮ್ಮ, ನೀವು ಕಟ್ಟಿ. ಅಬ್ಬನಿಗೆ ಗೊತ್ತಿಲ್ಲ' ಎಂದಳು. ಪತ್ನಿ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ತಂದೆ ಸಮುದ್ರದಾಚೆ ಇದ್ದು ಅತಿಥಿಯಾಗಿದ್ದರು. ನಾನು ಅದೇ ಮನೆಯಲ್ಲಿ ಮಲಗಿ ಎದ್ದು ಅತಿಥಿಯಾಗಿದ್ದೆ!

ಅಂದು ರಾತ್ರಿ ನಾವಿಬ್ಬರೂ ಒಂದು ಕಾಗದ ತೆಗೆದುಕೊಂಡು ಕುಳಿತೆವು. ಬೆಂಗಳೂರು, ಶಾರ್ಜಾ, ಮೈಸೂರು, ಮಂಗಳೂರು ಎಂದು ನಾಲ್ಕು ಸಾಲು ಹಾಕಿದೆವು. ಶಾರ್ಜಾದಿಂದ ಪರಿಚಿತರೊಬ್ಬರು ಕೆಲಸಕ್ಕೆ ಕರೆದಿದ್ದರು. ಮೈಸೂರಿನಲ್ಲಿ ಬಾಡಿಗೆ ಕಡಿಮೆ. ಆದರೆ 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಎಷ್ಟೇ ವೇಗದ್ದಾದರೂ, ಅಲ್ಲಿದ್ದುಕೊಂಡು ಬೆಂಗಳೂರಿನ ಕಚೇರಿಗೆ ದಿನವೂ ಹೋಗಿಬಂದರೆ ನನ್ನ ಬಸ್ಸಿನ ವಾಸ ಹಾಗೆಯೇ ಉಳಿಯುತ್ತಿತ್ತು. ಪ್ರತಿ ಊರಿನ ಮುಂದೆ ಸಂಬಳ ಬರೆದೆವು, ಖರ್ಚು ಬರೆದೆವು, ಮೂರನೆಯದಾಗಿ ನಾನು ಮನೆ ತಲುಪುವ ಗಂಟೆಯನ್ನು ಬರೆದೆವು. ಮಂಗಳೂರಿನ ಮುಂದೆ ಬರೆದ ಸಂಬಳ ಎಲ್ಲಕ್ಕಿಂತ ಕಡಿಮೆಯಾಗಿತ್ತು. ಆದರೆ ಮಗ್ರಿಬ್‌ಗೆ ಮುನ್ನ ಮನೆಯಲ್ಲಿರಬಹುದಾದ ಊರು ಅದೊಂದೇ ಆಗಿತ್ತು.

ಹಿಂದಿರುಗಿದ್ದರ ಬೆಲೆ

ಊರಿಗೆ ಮರಳಿದರೆ ಎಲ್ಲವೂ ಸುಖ ಎಂದು ಹೇಳಿದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. ನನ್ನ ಸಂಬಳದ ಮೂರನೇ ಒಂದು ಭಾಗ ಹೋಯಿತು. ಈಗ ರಾತ್ರಿ ಒಂದೆರಡು ಗಂಟೆ ಅನುವಾದದ ಕೆಲಸ ಮಾಡುತ್ತೇನೆ. ಹೆಚ್ಚಿನ ಬೆಲೆ ತೆತ್ತವರು ನನ್ನ ಪತ್ನಿ. ಬೆಂಗಳೂರಿನಲ್ಲಿ ಅವರು ಶಿಕ್ಷಕಿಯಾಗಿದ್ದರು. ಇಲ್ಲಿ ಒಂದು ವರ್ಷ ಕೆಲಸ ಸಿಗಲಿಲ್ಲ. ಸಿಕ್ಕಿದ್ದೂ ಕಡಿಮೆ ವೇತನದ್ದು. ಅಜ್ಜ ಅಜ್ಜಿ ಇರುವ ಮನೆಯಲ್ಲಿ ಮಗುವಿಗೆ ಆಸರೆ ಸಿಗುತ್ತದೆ, ನಿಜ. ಆದರೆ ಬಂಧುಗಳು ಬಂದುಹೋಗುವ ಮನೆಯಲ್ಲಿ ಸೊಸೆಯ ಕೆಲಸ ಇಮ್ಮಡಿಯಾಗುತ್ತದೆ ಎಂಬುದೂ ಅಷ್ಟೇ ನಿಜ. ಗಂಡಸಿನ ಸಮತೋಲನಕ್ಕಾಗಿ ಹೆಂಗಸಿನ ಬೆನ್ನ ಮೇಲೆ ಭಾರ ಹೇರಿದರೆ ಅದು ಸಮತೋಲನವಾಗುವುದೇ? ಬೇಗನೆ ಮನೆಗೆ ಬಂದ ಗಂಡಸು ಸೋಫಾದಲ್ಲಿ ಮೊಬೈಲ್ ಹಿಡಿದು ಕುಳಿತರೆ ಅವನು ಮನೆಗೆ ಬಂದಂತೆಯೂ ಆಗಲಿಲ್ಲ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ಪತ್ನಿಯರಿಗೆ ನೆರವಾಗುತ್ತಿದ್ದರೆಂದು ವೇದಿಕೆಯ ಮೇಲೆ ಹೇಳುವ ನಾವು, ಊಟದ ತಟ್ಟೆಯನ್ನು ತೊಳೆಯಲು ಏಕೆ ನಾಚಬೇಕು?

ಸರಕಾರದ ಹೊಣೆ

ಈ ಆಯ್ಕೆ ಕೇವಲ ಕುಟುಂಬದ ಕೈಯಲ್ಲಿಲ್ಲ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದದ್ದು 2006ರಲ್ಲಿ. ಅದಕ್ಕೂ ಬಹಳ ಮೊದಲೇ, ಮುಂಬೈ ದಾರಿಯಾಗಿ, ನಮ್ಮ ಜನ ಗುಂಪುಗುಂಪಾಗಿ ಹೋಗಿದ್ದರು. ಊರಿನಲ್ಲಿ ದುಡಿಮೆ ಇಲ್ಲದಿದ್ದುದೇ ಅದಕ್ಕೆ ಕಾರಣ. ಹೊರನಾಡಿನ ಕೇರಳೀಯರಿಗಾಗಿ ಆ ರಾಜ್ಯ 1996ರಲ್ಲೇ ಪ್ರತ್ಯೇಕ ಇಲಾಖೆ ತೆರೆಯಿತು. ಮರಳಿ ಬರುವವರನ್ನು ಕೇವಲ ಹಣ ಕಳುಹಿಸುವವರೆಂದು ಕಾಣದೆ, ಕಸುಬು ಬಲ್ಲ ಪ್ರಜೆಗಳೆಂದು ನಮ್ಮ ಸರಕಾರವೂ ಕಾಣಬೇಕು. ಬೆಂಗಳೂರಿನಾಚೆಯೂ ಉದ್ಯೋಗ ಬೆಳೆಯಬೇಕು.

ಕಾನೂನುಗಳೂ ಇವೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ ಅದು ವಿಧಿಸಿತು. ಆದರೆ ಐದಾರು ಮಂದಿ ದುಡಿಯುವ ಬಟ್ಟೆ ಅಂಗಡಿಯ ಹೆಣ್ಣುಮಗಳು ತನ್ನ ಮಗುವನ್ನು ಎಲ್ಲಿ ಬಿಡಬೇಕು? ನಮ್ಮಲ್ಲಿ ಹಲವರು ಅಂಗಡಿ ಮಾಲಕರಿದ್ದೀರಿ. ನಿಮ್ಮಲ್ಲಿ ದುಡಿಯುವವರು ರಾತ್ರಿ ಎಷ್ಟು ಗಂಟೆಗೆ ಮನೆ ಸೇರುತ್ತಾರೆಂದು ವಿಚಾರಿಸಿದ್ದೀರಾ? ನಮ್ಮ ಮಕ್ಕಳ ತಂದೆ ಬೇಗನೆ ಬರಬೇಕು, ನೌಕರನ ಮಕ್ಕಳ ತಂದೆ ಹತ್ತು ಗಂಟೆಯವರೆಗೆ ನಿಲ್ಲಬೇಕು ಎನ್ನುವುದು ನ್ಯಾಯವಲ್ಲ.

ಒಂದು ಕಾಗದ, ಒಂದು ದಿನಾಂಕ

ಎಲ್ಲರೂ ಮಂಗಳೂರಿಗೆ ಬನ್ನಿ ಎಂದು ನಾನು ಕರೆಯುತ್ತಿಲ್ಲ. ಸಾಲ ತಲೆಯ ಮೇಲಿರುವವನಿಗೆ, ತಂಗಿಯ ಮದುವೆ ಮುಂದಿರುವವನಿಗೆ ಆಯ್ಕೆಗಳು ಕಡಿಮೆ. ಹೋಗಲೇಬೇಕಾದವರು ಹೋಗಲಿ. ಆದರೆ ಹೋಗುವ ಮುನ್ನ ಪತಿ ಪತ್ನಿಯರು ಪರಸ್ಪರ ಸಮಾಲೋಚಿಸಿ, ಒಂದು ಕಾಗದದಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಅಲ್ಲಿ ದಿನಕ್ಕೆ ಒಂದು ಹೊತ್ತಾದರೂ ಒಟ್ಟಿಗೆ ಉಣ್ಣಬಹುದೇ? ನಡುರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟಲು ಯಾರಿದ್ದಾರೆ? ಪತ್ನಿಯ ಓದು, ಉದ್ಯೋಗ ಏನಾಗುತ್ತದೆ? ಮರಳಿ ಬರುವ ದಿನಾಂಕ ಯಾವುದು?

ಆ ಕೊನೆಯ ಪ್ರಶ್ನೆಗೆ ಉತ್ತರ ಬರೆಯದಿದ್ದರೆ 'ಎರಡೇ ವರ್ಷ' ಎಂಬುದು 22 ವರ್ಷವಾಗುತ್ತದೆ. ಮೊದಲು ಸಾಲ ತೀರಲಿ ಎನ್ನುತ್ತೇವೆ, ಮತ್ತೆ ಮನೆ ಆಗಲಿ ಎನ್ನುತ್ತೇವೆ, ಮತ್ತೆ ಮಹಡಿ ಏರಲಿ ಎನ್ನುತ್ತೇವೆ. ಮನೆ ದೊಡ್ಡದಾದಾಗ ಉಣ್ಣಲು ಮೂವರೇ ಇರುತ್ತಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಮಂದಿ ಮೃತಪಟ್ಟ ದಿನವನ್ನು ಈ ಜಿಲ್ಲೆ ಮರೆಯಲಾರದು. 'ಮುಂದಿನ ರಜೆಯಲ್ಲಿ ನೋಡೋಣ' ಎಂದು ಮುಂದೂಡಲು ಆಯುಷ್ಯ ನಮ್ಮ ಕೈಯಲ್ಲಿಲ್ಲ.

ಕೊನೆಯದಾಗಿ ಒಂದು ಮಾತು. ಮಂಚದ ಕೆಳಗಿನ ಆ ಸೂಟ್‌ಕೇಸ್ ಈಗ ಅಟ್ಟ ಸೇರಿದೆ. ನನ್ನ ತಂದೆ ದಿನವೂ ಮುಂಜಾನೆ ಮೊಮ್ಮಗಳನ್ನು ಶಾಲೆಯ ವಾಹನದವರೆಗೆ ಬಿಟ್ಟುಬರುತ್ತಾರೆ. ಹೊರಡುವ ಮುನ್ನ ಅವಳ ಶೂ ಕಟ್ಟುವವರು ಅವರೇ. ಬಗ್ಗುವಾಗ ಅವರ ಮೊಣಕಾಲು ನೋಯುತ್ತದೆ. ಆದರೂ ಆ ಕೆಲಸವನ್ನು ನನಗೆ ಬಿಟ್ಟುಕೊಡುವುದಿಲ್ಲ. ನಾನೂ ಕೇಳುವುದಿಲ್ಲ. ಸಂಜೆ ಬಿಚ್ಚುವ ಕೆಲಸ ನನ್ನದು. ಅದಕ್ಕೆ ನಾನು ಹೊತ್ತಿಗೆ ಸರಿಯಾಗಿ ಮನೆ ಸೇರಬೇಕು.

ನಿಮ್ಮ ಮನೆಯಲ್ಲಿ ಇಂದು ರಾತ್ರಿಯೇ ಆ ಕಾಗದ ತೆರೆಯಲಿ ಎಂದು ಹಾರೈಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.