ಮನೆಯ ಜಾಲದಲ್ಲಿ ಅಪರಿಚಿತ ಗಣಕಗಳು
(ಸಂಘದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಾಠ)



ಸಾಹಿತ್ಯ ಸಂಸ್ಕೃತಿಗಳ ಚರ್ಚೆಗೆ ಮೀಸಲಾದ ಈ ವೇದಿಕೆಯಲ್ಲಿ ರೌಟರೆಂಬ ಸಣ್ಣ ಪೆಟ್ಟಿಗೆಯ ಕುರಿತು ಮಾತನಾಡಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಇದರಿಂದ ನಾನೊಂದು ತಪ್ಪು ಮಾಡಿದೆ. ಅದನ್ನು ತಮ್ಮೆದುರು ಹೇಳಿಕೊಳ್ಳದೆ ಸಮಾಧಾನವಿಲ್ಲ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಅಂತರಜಾಲ ತೀರ ನಿಧಾನವಾಯಿತು. ಬ್ರೌಸರಿನಲ್ಲಿ 192.168.1.1 ಎಂದು ಬರೆದು ರೌಟರಿನ ಒಳಪುಟವನ್ನು ತೆರೆದೆ. ಅದರ ಗುಪ್ತಪದ ಪೆಟ್ಟಿಗೆ ಜೋಡಿಸಿದವರು ಬಿಟ್ಟುಹೋದ 'ಅಡ್ಮಿನ್' ಎಂಬುದೇ ಆಗಿತ್ತು. ಒಳಗೆ ಒಂಬತ್ತು ಯಂತ್ರಗಳ ಪಟ್ಟಿಯಿತ್ತು. ನನಗೆ ಗುರುತು ಸಿಕ್ಕಿದ್ದು ಐದು. ಉಳಿದವುಗಳಲ್ಲಿ ಒಂದು ಟೀವಿಯ ಪೆಟ್ಟಿಗೆ, ಒಂದು ಪ್ರಿಂಟರು, ಮತ್ತೊಂದು ಮಗ ಬಾಗಿಲಿಗೆ ಹಾಕಿಸಿದ ಕ್ಯಾಮೆರಾ ಎಂದು ತಿಳಿಯಿತು. ಒಂಬತ್ತನೆಯದಕ್ಕೆ ಹೆಸರಿಲ್ಲ, ತಯಾರಕರ ಸುಳಿವೂ ಇಲ್ಲ. ರಾತ್ರಿ ಹತ್ತರ ನಂತರ ಬಂದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿತ್ತು.

ಪಕ್ಕದ ಮನೆಗೆ ಬಿಹಾರದ ಹುಡುಗನೊಬ್ಬ ಬಾಡಿಗೆಗೆ ಬಂದಿದ್ದ. ಪರೀಕ್ಷೆಗೆ ಓದುತ್ತಿದ್ದ ಅವನ ಕೋಣೆಯ ದೀಪ ತಡರಾತ್ರಿಯವರೆಗೂ ಉರಿಯುತ್ತಿತ್ತು. ಇನ್ನೇನು ಸಾಕ್ಷ್ಯ ಬೇಕು! ಅಂದಿನಿಂದ ಮೆಟ್ಟಿಲ ಮೇಲೆ ಅವನು ಕೈಮುಗಿದರೆ ನಾನು ಮುಖ ತಿರುಗಿಸಿದೆ.

ನನ್ನ ಭಯ ನಿರಾಧಾರವಾಗಿರಲಿಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕನ್ ಪ್ರಜೆಯೊಬ್ಬರ ಮನೆಗೆ. ಬೀಗವಿಲ್ಲದ ಅವರ ವೈಫೈಯನ್ನು ಅನ್ಯರು ಬಳಸಿಕೊಂಡಿದ್ದರು. ಅದೇ ವರ್ಷ ಮಾಟುಂಗಾದ ಒಂದು ಕಾಲೇಜು, ಚೆಂಬೂರಿನ ಒಂದು ಕಚೇರಿಯ ಜಾಲಗಳೂ ಹೀಗೆಯೇ ದುರ್ಬಳಕೆಯಾದವು. ಇವೆಲ್ಲ ನಾವು ದಿನನಿತ್ಯ ಓಡಾಡುವ ಬೀದಿಗಳು.

ಗುಪ್ತಪದ ಬದಲಿಸಿದೆ. ಮರುರಾತ್ರಿ ಅದೇ ಯಂತ್ರ ಮತ್ತೆ ಹಾಜರು! ಕಡೆಗೆ ಮಗ ಪಟ್ಟಿಯನ್ನು ನೋಡಿ ನಕ್ಕ. ಪ್ರತಿ ಯಂತ್ರಕ್ಕೂ ಹನ್ನೆರಡು ಅಂಕಾಕ್ಷರಗಳ ಒಂದು ವಿಳಾಸವುಂಟು. ಸಾಮಾನ್ಯವಾಗಿ ಮೊದಲ ಆರರಿಂದ ತಯಾರಕರು ಯಾರೆಂದು ತಿಳಿಯುತ್ತದೆ. ಆದರೆ 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದ ಮೇಲೆ ಮೊಬೈಲುಗಳು ಮಾಲೀಕನ ಜಾಡು ಸಿಗದಿರಲೆಂದು ತೋರಿಕೆಯ ವಿಳಾಸವನ್ನು ತಾವೇ ಕಟ್ಟಿಕೊಳ್ಳುತ್ತವೆ. ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಅಂಥದೆಂದು ಬಹುಮಟ್ಟಿಗೆ ಊಹಿಸಬಹುದು. ನಮ್ಮದರಲ್ಲಿ 'ಎ' ಇತ್ತು. ಮನೆಯ ಯಂತ್ರಗಳ ವೈಫೈಯನ್ನು ಒಂದೊಂದಾಗಿ ಆರಿಸುತ್ತ ಬಂದೆವು. ನನ್ನಾಕೆಯ ಹೊಸ ಮೊಬೈಲಿನದನ್ನು ಆರಿಸಿದಾಗ ಆ ಸಾಲು ಅಳಿಸಿಹೋಯಿತು. ಹಗಲು ಬ್ಯಾಟರಿ ಉಳಿಸಲು ವೈಫೈ ಆರಿಸಿಟ್ಟು, ಅಡುಗೆಮನೆ ಕೆಲಸ ಮುಗಿದ ಮೇಲೆ ಆಕೆ ಯಕ್ಷಗಾನ ನೋಡುತ್ತಿದ್ದಳು. ಮಗನೇ ಅದನ್ನು ಜಾಲಕ್ಕೆ ಸೇರಿಸಿಕೊಟ್ಟಿದ್ದನಂತೆ. ಸಿಮ್ಮಿನ ಡೇಟಾದಲ್ಲೇ ನೋಡುತ್ತಾಳೆಂದು ನಾನು ನಂಬಿದ್ದೆ.

1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ, ಬೀದಿಯಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಮಾತನಾಡಬೇಡಿರೆಂದು ನಮ್ಮ ತಂದೆ ಎಚ್ಚರಿಸುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವನು ನಾನು. ಆ ಹುಡುಗನ ಬಾಗಿಲು ತಟ್ಟಿದೆ. "ಅಂಕಲ್, ತಮಗೆ ಮೈ ಹುಷಾರಿಲ್ಲವೇನೋ ಅಂದುಕೊಂಡಿದ್ದೆ" ಎಂದ. ಮುಂದಿನದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಪರೀಕ್ಷೆ ಮುಗಿಸಿ ಅವನು ಊರಿಗೆ ಹೊರಟುಹೋದ.

ಇನ್ನು, ಪಟ್ಟಿಯಲ್ಲಿರುವುದು ನಿಜಕ್ಕೂ ಅನ್ಯರದೇ ಆಗಿದ್ದರೆ? ಆ ಒಂದು ವಿಳಾಸವನ್ನು ತಡೆಹಿಡಿದು ಫಲವಿಲ್ಲ, ಅದನ್ನು ಸುಲಭವಾಗಿ ಬದಲಿಸಬಹುದು. ವೈಫೈಯ ಗುಪ್ತಪದ, ರೌಟರಿನ ಒಳಗುಪ್ತಪದ ಎರಡನ್ನೂ ಬದಲಿಸಿ, ಡಬ್ಲ್ಯುಪಿಎ2 ಅಥವಾ 3 ಎಂಬ ರಕ್ಷಣೆಯನ್ನು ಆರಿಸಿಕೊಳ್ಳಿ. ಡಬ್ಲ್ಯುಪಿಎಸ್ ಎಂಬ ಸೌಲಭ್ಯವಿದ್ದರೆ ಮುಚ್ಚಿಬಿಡಿ. ಅದರ ಎಂಟಂಕಿಯ ಪಿನ್ನನ್ನು ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಊಹಿಸಬಹುದೆಂದು 2011ರಲ್ಲೇ ಬಯಲಾಗಿದೆ. ಬಂದುಹೋಗುವವರಿಗೆ ಅತಿಥಿ ಜಾಲವೊಂದು ಸಾಕು. ಕ್ಯಾಮೆರಾದ ಮೂಲ ಗುಪ್ತಪದವನ್ನೂ ಮರೆಯದೆ ಬದಲಿಸಿ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಹಾಗೆ ಬಿಟ್ಟಿದ್ದ ಲಕ್ಷಾಂತರ ಸಾಧನಗಳನ್ನು ಕೈವಶ ಮಾಡಿಕೊಂಡಿತ್ತು.

ಕೊನೆಯದಾಗಿ ಕಾರ್ಯದರ್ಶಿಗಳಲ್ಲೊಂದು ವಿನಂತಿ. ನಮ್ಮ ಸಂಘದ ವೈಫೈ ಗುಪ್ತಪದವನ್ನು ಹೊರಗೋಡೆಯ ಸೂಚನಾಫಲಕದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ. ಕಾಫಿಗೆ ಮೊದಲು ಅದನ್ನು ಅಳಿಸಿಬಿಡೋಣ.