ನಮ್ಮ ಗಜನಿಯ ಶೆಟ್ಲಿ, ದೂರದೂರಿನ ಬೆಲೆ

(ಕಾಗಾಲದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಕೂಡಿಸುವ, ಕಳೆಯುವ ಲೆಕ್ಕ ಈಗ ನಿಮಗೆ ಬರ್ತದೆ. ಗುಣಿಸುವುದು, ಭಾಗಿಸುವುದೂ ಕಲಿತಾಗಿದೆ. ಆ ಲೆಕ್ಕವನ್ನು ಇವತ್ತು ಶೆಟ್ಲಿಯ ಮೇಲೆ ಹಾಕಿ ನೋಡುವಾ. ಪುಸ್ತಕದಲ್ಲಿ ಇದನ್ನು ಸೀಗಡಿ ಅಂತ ಬರೀತಾರೆ. ನಾವು ಶೆಟ್ಲಿ ಅಂತಲೇ ಹೇಳುವಾ.

ಗಜನಿ ಅಂದರೆ ಏನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಉಬ್ಬರ ಬಂದಾಗ ಅಘನಾಶಿನಿ ಹೊಳೆಯಲ್ಲಿ ಉಪ್ಪುನೀರು ಏರುತ್ತದೆ. ಮಳೆಗಾಲದಲ್ಲಿ ಸಿಹಿನೀರು ಬಂದು ನೆಲದ ಉಪ್ಪನ್ನು ತೊಳೆಯುತ್ತದೆ. ಆಗ ಮೊಳಕೆ ಬಂದ ಕಗ್ಗದ ಬೀಜ ಬಿತ್ತುತ್ತಾರೆ. ಕಗ್ಗ ಎತ್ತರ ಬೆಳೆಯುವ ಭತ್ತ. ಉಪ್ಪು ತಡೆಯುತ್ತದೆ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ. ಅಂಗಡಿಯ ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ಬಾಗಿಲು ತೆಗೆದರೆ ಉಪ್ಪುನೀರಿನ ಜತೆ ಮೀನಿನ ಮರಿ, ಶೆಟ್ಲಿ ಮರಿ ಬರ್ತವೆ. ಕೊಳೆತ ಹುಲ್ಲು ಅವಕ್ಕೆ ಮೇವು. ಮೀನು, ಶೆಟ್ಲಿ, ಹಕ್ಕಿಗಳ ಹಿಕ್ಕೆ ಮುಂದಿನ ಕಗ್ಗಕ್ಕೆ ಗೊಬ್ಬರ. ಒಂದೇ ನೆಲ, ಎರಡು ಬೆಳೆ.

ಈ ಎರಡು ಬೆಳೆಯಲ್ಲಿ ಒಂದು ನಮ್ಮ ಅನ್ನದ ಮಡಕೆಗೆ ಹೋಗುತ್ತಿತ್ತು. ಇನ್ನೊಂದರಲ್ಲಿ ಸ್ವಲ್ಪ ಸಾರಿಗೆ, ಸ್ವಲ್ಪ ಒಣಗಿಸಿ ಮಳೆಗಾಲಕ್ಕೆ, ಉಳಿದದ್ದು ಬುಟ್ಟಿಯಲ್ಲಿ ಕುಮಟೆಯ ಪೇಟೆಗೆ. ಕೊಳ್ಳುವವಳ ಮುಖ ನೋಡಿ ಚೌಕಾಶಿ ಮಾಡಬಹುದಿತ್ತು. ಬೆಲೆ ಒಪ್ಪದಿದ್ದರೆ ಬುಟ್ಟಿ ಎತ್ತಿಕೊಂಡು ಮುಂದಿನ ಬೀದಿಗೆ ಹೋಗಬಹುದಿತ್ತು.

1990ರ ಆಚೀಚೆ ಹೊರದೇಶದಲ್ಲಿ ಶೆಟ್ಲಿಗೆ ದೊಡ್ಡ ಬೆಲೆ ಬಂತು. ಹೊರದೇಶಕ್ಕೆ ಮಾಲು ಕಳಿಸುವುದಕ್ಕೆ ರಫ್ತು ಎನ್ನುತ್ತಾರೆ. ಗಜನಿಯ ಶೆಟ್ಲಿ ಏಜೆಂಟನ ಕೈಗೆ, ಅಲ್ಲಿಂದ ಮಂಜುಗಡ್ಡೆ ಹಾಕಿದ ಪೆಟ್ಟಿಗೆಗೆ, ಅಲ್ಲಿಂದ ಕಾರ್ಖಾನೆಗೆ ಹೋಗ್ತದೆ. ಅಲ್ಲಿ ಹೆಂಗಸರು ಸಾಲಾಗಿ ನಿಂತು ತಲೆ ತೆಗೆದು ಸಿಪ್ಪೆ ಸುಲಿಯುತ್ತಾರೆ. ಕೈಯೆಲ್ಲ ತಣ್ಣೀರಿಗೆ ಮರಗಟ್ಟಿರುತ್ತದೆ. ಮತ್ತೆ ಕಲ್ಲಿನ ಹಾಗೆ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಹಡಗಿಗೆ ಏರಿಸುತ್ತಾರೆ. ಅಮೆರಿಕ, ಚೀನಾ, ಜಪಾನ್, ಯುರೋಪು, ಎಲ್ಲ ಕಡೆ ಹೋಗ್ತದೆ. ನಮ್ಮ ದೇಶದ ಶೆಟ್ಲಿಗೆ ಎಲ್ಲರಿಗಿಂತ ದೊಡ್ಡ ಗಿರಾಕಿ ಅಮೆರಿಕ.

ಈಗ ಹಲಗೆಯ ಮೇಲಿನ ಲೆಕ್ಕ. ಏಜೆಂಟರು ಶೆಟ್ಲಿಗೆ 'ಕೌಂಟ್' ನೋಡಿ ಬೆಲೆ ಕಟ್ಟುತ್ತಾರೆ. ಕೌಂಟ್ ಅಂದರೆ ಒಂದು ಕಿಲೋಕ್ಕೆ ಎಷ್ಟು ಶೆಟ್ಲಿ ಅಂತ. 40 ಕೌಂಟ್ ಅಂದರೆ ಕಿಲೋಕ್ಕೆ 40, ಒಂದೊಂದು 25 ಗ್ರಾಂ. 50 ಕೌಂಟ್ ಅಂದರೆ ಕಿಲೋಕ್ಕೆ 50, ಒಂದೊಂದು 20 ಗ್ರಾಂ. ನಂಬರು ಏರಿದರೆ ಶೆಟ್ಲಿ ಸಣ್ಣದು, ಬೆಲೆ ಕಡಿಮೆ. ಇದು ಸ್ವಲ್ಪ ತಿರುಗಾಮುರುಗಾ. ನೆನಪಿಡಿ.

ಲೆಕ್ಕಕ್ಕೆಂದು 40 ಕೌಂಟಿಗೆ ಕಿಲೋಕ್ಕೆ 400 ರೂಪಾಯಿ, 50 ಕೌಂಟಿಗೆ 350 ರೂಪಾಯಿ ಅಂತ ಇಟ್ಟುಕೊಳ್ಳಿ. ನಿಮ್ಮ ಹತ್ತಿರ 20 ಕಿಲೋ ಇದೆ. 40 ಕೌಂಟ್ ಅಂದರೆ 8000 ರೂಪಾಯಿ. 50 ಕೌಂಟ್ ಅಂದರೆ 7000. ಬಾಯಲ್ಲಿ ಒಂದು ನಂಬರು ಬದಲಾದರೆ 1000 ರೂಪಾಯಿ ಹೋಯಿತು. ತಕ್ಕಡಿ ಸರಿ ಇದ್ದರೂ ಹೋಯಿತು!

ಅದಕ್ಕೆ ಎಣಿಸುವಾಗ ಎದುರು ನಿಲ್ಲಬೇಕು. ಬುಟ್ಟಿಯ ಮೇಲಿನಿಂದ ಒಂದು ಕಿಲೋ, ನಡುವಿನಿಂದ ಒಂದು, ಅಡಿಯಿಂದ ಒಂದು ತೆಗೆದು ಎಣಿಸಿರಿ. 41, 43, 45 ಬಂತು ಅನ್ನಿ. ಕೂಡಿಸಿದರೆ 129. ಮೂರರಿಂದ ಭಾಗಿಸಿದರೆ 43. ಅದೇ ನಿಮ್ಮ ಕೌಂಟ್. ತೂಗುವ ಮುಂಚೆ ನೀರು ಸೋರಿಸುತ್ತೇವೆ ಅಂತ ಅವರು ಹೇಳಿದರೆ ಒಪ್ಪಿ, ಅದು ನ್ಯಾಯವೇ. ಆದರೆ ಚೀಟಿಯಲ್ಲಿ ಕೌಂಟ್, ತೂಕ, ದರ, ತಾರೀಖು ನಾಲ್ಕೂ ಬರೆಸಿಕೊಳ್ಳಿ. ಈಗ ಅದನ್ನು ಓದಲಿಕ್ಕೆ ಮಕ್ಕಳನ್ನು ಕರೆಯಬೇಕಾಗಿಲ್ಲ.

ಇಷ್ಟು ನಮ್ಮ ಕೈಯಲ್ಲಿದೆ. ಆದರೆ ಕಿಲೋಕ್ಕೆ 400 ಅಂತ ಹೇಳಿದವರು ಯಾರು? ಏಜೆಂಟನೂ ಅಲ್ಲ. ಅವನಿಗೆ ಕಾರ್ಖಾನೆಯವರು ಹೇಳ್ತಾರೆ. ಅವರಿಗೆ ಸಮುದ್ರದಾಚೆಯ ಗಿರಾಕಿ ಹೇಳ್ತಾನೆ.

2025ರ ಆಗಸ್ಟಿನಲ್ಲಿ ಆದದ್ದು ಕೇಳಿ. ಅಮೆರಿಕ ಸರಕಾರ ನಮ್ಮ ದೇಶದ ಬಹಳ ಮಾಲಿನ ಮೇಲೆ ನೂರಕ್ಕೆ 50ರಂತೆ ಹೊಸ ಸುಂಕ ಹಾಕಿತು. ಶೆಟ್ಲಿಗೆ ಮೊದಲೇ ಬೇರೆ ಸುಂಕ ಇತ್ತು, ಅದರ ಮೇಲೆ ಇದು. ಸುಂಕ ಅಂದರೆ ಗಡಿ ದಾಟುವ ಮಾಲಿನ ಮೇಲೆ ಸರಕಾರ ಹಾಕುವ ತೆರಿಗೆ. ಆಗ 100 ರೂಪಾಯಿಯ ಶೆಟ್ಲಿ ಅಲ್ಲಿಯ ಬಂದರದಲ್ಲಿ ಇಳಿದರೆ ಅಲ್ಲಿಯ ವ್ಯಾಪಾರಿ ತನ್ನ ಸರಕಾರಕ್ಕೆ ಇನ್ನೂ 50 ರೂಪಾಯಿ ಕಟ್ಟಬೇಕಿತ್ತು. ಅವನು ಏನಂತಾನೆ? ನಿಮ್ಮ ಬೆಲೆ ಇಳಿಸಿ, ಇಲ್ಲವೆ ಬೇರೆ ದೇಶದ ಶೆಟ್ಲಿ ತಗೊಳ್ತೇನೆ ಅಂತಾನೆ. ಕಾರ್ಖಾನೆಯವರು ಏಜೆಂಟನಿಗೆ ಹೇಳ್ತಾರೆ. ಏಜೆಂಟ ಬೆಳೆದವರಿಗೆ ಹೇಳ್ತಾನೆ. ಬೆಳೆದವರು ಯಾರಿಗೆ ಹೇಳಬೇಕು? ದೇಶದಲ್ಲೇ ಹೆಚ್ಚು ಶೆಟ್ಲಿ ಬೆಳೆಯುವ ಆಂಧ್ರದಲ್ಲಿ ಆಗ ಕೆರೆಯ ದಂಡೆಯ ಬೆಲೆ ಕುಸಿಯಿತು. ಆ 50ರಲ್ಲಿ 25 ನಮ್ಮ ದೇಶ ರಷ್ಯಾದಿಂದ ಕಚ್ಚಾ ತೈಲ ಕೊಂಡದ್ದಕ್ಕೆ ದಂಡ. ತೈಲದ ಜಗಳ, ಪೆಟ್ಟು ಶೆಟ್ಲಿಗೆ!

ಶೆಟ್ಲಿ ಹುರಿಯುವ ಎಣ್ಣೆಯ ಕತೆಯೂ ಹಾಗೇ. ನಮ್ಮ ದೇಶಕ್ಕೆ ತಾಳೆ ಎಣ್ಣೆ ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾದಿಂದ ಬರ್ತದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಸುಮಾರು ಮೂರು ವಾರ ರಫ್ತು ನಿಲ್ಲಿಸಿತು. ಆಗ ಅಡುಗೆ ಎಣ್ಣೆ ಎಷ್ಟು ತುಟ್ಟಿ ಇತ್ತು ಅಂತ ನಿಮಗೇ ಗೊತ್ತು.

ಕುಮಟೆಗೆ ಇದು ಹೊಸದಲ್ಲ. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಅವರು ನಮ್ಮ ದೇಶದ ಹತ್ತಿಗೆ ಕೈ ಹಾಕಿದರು. ಧಾರವಾಡ ಕಡೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ ಬಂದರಕ್ಕೆ ಬಂತು, ಮುಂಬಯಿ ದಾಟಿ ಇಂಗ್ಲೆಂಡಿಗೆ ಹೋಯಿತು. ಅದಕ್ಕೆ 'ಕುಮಟಾ ಹತ್ತಿ' ಅಂತಲೇ ಹೆಸರು. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ನಮ್ಮದು! ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಮುಂಬಯಿಯಲ್ಲಿ ದೊಡ್ಡ ದೊಡ್ಡ ಸಾಹುಕಾರರು ದಿವಾಳಿ ಎದ್ದರು. ಮುಂದೆ ರೈಲು ಬಂದು ಹತ್ತಿ ಬೇರೆ ದಾರಿ ಹಿಡಿಯಿತು, ಕುಮಟೆ ಬಂದರದ ವ್ಯಾಪಾರ ಬಡವಾಯಿತು.

ಹತ್ತಿ ಬಂದರ ಬಿಟ್ಟು ಹೋದರೂ ನೆಲ ಹಾಳಾಗಲಿಲ್ಲ. ಶೆಟ್ಲಿಯದು ಹಾಗಲ್ಲ. ಬೆಲೆ ಏರಿದಾಗ ಅಘನಾಶಿನಿಯ ಎಷ್ಟೋ ಗಜನಿಗಳು ಗುತ್ತಿಗೆಗೆ ಹೋದವು. ಗುತ್ತಿಗೆದಾರರಿಗೆ ವರ್ಷವಿಡೀ ಉಪ್ಪುನೀರು ಬೇಕು. ಮಳೆಗಾಲದಲ್ಲೂ ಉಪ್ಪುನೀರು ನಿಂತರೆ ಕಗ್ಗ ಎಲ್ಲಿ ಬಿತ್ತುವುದು? ಬಿತ್ತನೆ ನಿಂತಿತು, ಬೀಜವೂ ಹೋಯಿತು. 1994ರಿಂದ ಮುಂದೆ ದೇಶದ ಶೆಟ್ಲಿ ಕೆರೆಗಳಿಗೆ ಬಿಳಿಚುಕ್ಕೆ ರೋಗ ಬಂತು. ಕೆಲವೇ ದಿನದಲ್ಲಿ ಕೆರೆಗೆ ಕೆರೆಯೇ ಸಾಯುವ ರೋಗ ಅದು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಹೊಸ ನಮೂನೆಯ ಶೆಟ್ಲಿ ಕೆರೆ ಬೇಡ, ಹಳೆಯ ಪದ್ಧತಿ ಇರಲಿ ಎಂದಿತು. 2005ರಲ್ಲಿ ಸಂಸತ್ತು ಬೇರೆ ಕಾಯ್ದೆ ತಂದು ಪರವಾನಗಿಯ ದಾರಿ ಮಾಡಿತು.

ಶೆಟ್ಲಿ ಬೇಡ ಅಂತ ನಾವು ಹೇಳುವುದಿಲ್ಲ. ಆ ದುಡ್ಡಿನಿಂದ ಮನೆಗೆ ಹೆಂಚು ಬಂದಿದೆ, ಮಕ್ಕಳ ಫೀಸು ತುಂಬಿದೆ. ನಮ್ಮ ತಕರಾರು ವರ್ಷವಿಡೀ ಶೆಟ್ಲಿಗೇ ಬಿಡುವುದಕ್ಕೆ. ಕಗ್ಗಕ್ಕೆ ಡಾಲರಿನ ಬೆಲೆ ಗೊತ್ತಿಲ್ಲ. ಅಮೆರಿಕದವರು ಸುಂಕ ಹಾಕಿದ ದಿನವೂ ಅದು ಒಂದು ಸೇರಿಗೆ ಒಂದು ಸೇರೇ. ಮಾಣಿಕಟ್ಟೆಯವರು ಊರೇ ಕೂಡಿ ಕಗ್ಗ ಉಳಿಸಿಕೊಂಡಿದ್ದಾರಲ್ಲ, ಅವರನ್ನು ನೋಡಿ ಬನ್ನಿ.

ಗಜನಿಯ ಗುತ್ತಿಗೆ ಮಾತು ಬಂದಾಗ ಗಂಡಸರು ಮಾತ್ರ ಕೂತು ಮುಗಿಸಿಬಿಡ್ತಾರೆ. ಕಗ್ಗ ಕೊಯ್ದವರು ನೀವು, ಬಳಚು ಹೆಕ್ಕುವವರು ನೀವು. ಈ ಸಾರಿ ನೀವೂ ಹೋಗಿ ಕಾಗದ ಓದಿಸಿ ಕೇಳಬೇಡಿ, ನೀವೇ ಓದಿ. ಉಪ್ಪುನೀರು ಯಾವ ತಿಂಗಳಿಂದ ಯಾವ ತಿಂಗಳ ತನಕ? ಒಡ್ಡು ಒಡೆದರೆ ಕಟ್ಟುವವರು ಯಾರು? ಊರಿನವರು ಸಾರಿಗೆ ಮೀನು ಹಿಡಿಯಬಹುದೋ ಇಲ್ಲವೋ? ಈ ಮೂರು ಅದರಲ್ಲಿ ಬರೆದಿದೆಯೋ ನೋಡಿ.

ಬರುವ ವಾರ ಯಾರ ಮನೆಯಲ್ಲಾದರೂ ಹಳೆಯ ಗುತ್ತಿಗೆ ಕಾಗದ ಇದ್ದರೆ ತನ್ನಿ. ಹೆಸರು, ಹಣ ಮುಚ್ಚಿ ತಂದರೂ ಸರಿ. ಶೆಟ್ಲಿ ಮಾರಿದ ಚೀಟಿ ಇದ್ದರೆ ಅದನ್ನೂ ತನ್ನಿ. ಅದನ್ನೇ ಪಾಠ ಮಾಡಿ ಓದುವಾ.