ಚಂದಮಾಮ ಯಾಕೆ ದೊಡ್ಡವನಾಗಲಿಲ್ಲ?

ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದಾಗ ನೀವು ಇದನ್ನು ನೋಡಿಯೇ ಇರುತ್ತೀರಿ. ರಸ್ತೆ ಬದಿಯ ಮರಗಳು ಸರ್ರನೆ ಹಿಂದಕ್ಕೆ ಓಡುತ್ತವೆ. ಹೊಲದಾಚೆಯ ಮನೆಯ ದೀಪ ನಿಧಾನವಾಗಿ ಸರಿಯುತ್ತದೆ. ದೂರದ ಗುಡ್ಡ ಅಲುಗಾಡಲೋ ಬೇಡವೋ ಎಂಬಂತೆ ಇರುತ್ತದೆ. ಚಂದ್ರ ಮಾತ್ರ ಊರು ಬರುವ ತನಕ ನಮ್ಮ ಜೊತೆಯಲ್ಲೇ ಬರುತ್ತಾನೆ.

ಈ ಚಂದ್ರ ಒಂದು ಕಾರ್ಟೂನ್ ಸ್ಟುಡಿಯೋದವರನ್ನು ಒಮ್ಮೆ ಚೆನ್ನಾಗಿ ಕಾಡಿದ್ದ. ಆ ಕತೆಯನ್ನು ಆ ಸ್ಟುಡಿಯೋದ ಒಡೆಯ ವಾಲ್ಟ್ ಡಿಸ್ನಿಯವರೇ ಕ್ಯಾಮೆರಾದ ಮುಂದೆ ನಿಂತು ಹೇಳಿದ್ದಾರೆ. 1957ರ ಫೆಬ್ರವರಿಯಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ‘ಟ್ರಿಕ್ಸ್ ಆಫ್ ಅವರ್ ಟ್ರೇಡ್’ ಎಂಬ ಕಾರ್ಯಕ್ರಮ ಅದು. ತಮ್ಮ ಸ್ಟುಡಿಯೋದಲ್ಲಿ ಕೆಲಸ ಹೇಗೆ ನಡೆಯುತ್ತದೆ, ಯಾವ ಉಪಾಯ ಯಾಕೆ ಬೇಕಾಯಿತು ಎಂದು ಅದರಲ್ಲಿ ತೋರಿಸುತ್ತಾರೆ. ಅನಿಮೇಷನ್ ಸ್ಟುಡಿಯೋಗಳ ಕತೆ ಹೇಳುವ ಸಾಕ್ಷ್ಯಚಿತ್ರಗಳು ಬೇಕಾದಷ್ಟಿವೆ. ಆದರೆ ನನಗೆ ಮತ್ತೆ ಮತ್ತೆ ನೋಡಬೇಕೆನಿಸುವುದು ಅದರಲ್ಲಿನ ಈ ಚಂದ್ರನ ಭಾಗ.

ಒಂದು ಚಿತ್ರ. ರಾತ್ರಿ ಹೊತ್ತು, ಒಂದು ತೋಟದ ಮನೆ, ಮೇಲೆ ಚಂದ್ರ. ನಾವೇ ಆ ಮನೆಯತ್ತ ನಡೆದು ಹೋಗುತ್ತಿದ್ದೇವೆ ಎನ್ನುವ ಹಾಗೆ ಕಾಣಬೇಕು. ಅದಕ್ಕೆ ಕ್ಯಾಮೆರಾವನ್ನು ಚಿತ್ರದ ಹತ್ತಿರ ಹತ್ತಿರ ಒಯ್ಯುತ್ತಾರೆ. ಮನೆ ದೊಡ್ಡದಾಗುತ್ತದೆ, ಸರಿ. ಆದರೆ ಅದರ ಜೊತೆಗೆ ಚಂದ್ರನೂ ಉಬ್ಬುತ್ತಾ ಹೋಗುತ್ತಾನೆ! ನಿಜವಾದ ಚಂದ್ರ ಹಾಗೆ ಮಾಡುವುದಿಲ್ಲವಲ್ಲ?

ಯಾಕೆ ಮಾಡುವುದಿಲ್ಲ ಅಂತ ಲೆಕ್ಕ ಹಾಕೋಣ. ಹತ್ತು ಮೀಟರ್ ಆಚೆ ಒಂದು ಬೇವಿನ ಮರ ಇದೆ ಅಂದುಕೊಳ್ಳಿ. ಐದು ಮೀಟರ್ ನಡೆದರೆ ದೂರ ಅರ್ಧವಾಯಿತು, ಮರ ಎರಡರಷ್ಟು ದೊಡ್ಡದಾಗಿ ಕಂಡಿತು. ಚಂದ್ರನಾದರೋ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ. ಐದು ಮೀಟರ್ ಹಾಗಿರಲಿ, ನೇರವಾಗಿ ಅವನ ಕಡೆಗೇ 500 ಕಿಲೋಮೀಟರ್ ಹಾರಿದರೂ ಆ ದೂರದಲ್ಲಿ ಏಳುನೂರರಲ್ಲಿ ಒಂದು ಪಾಲಿನಷ್ಟೂ ಕಡಿಮೆಯಾಗದು. ಅಷ್ಟು ಸಣ್ಣ ವ್ಯತ್ಯಾಸ ನಮ್ಮ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಅವನು ಬಸ್ಸಿನ ಜೊತೆ ಬಂದಂತೆ ಕಾಣುವುದೂ ಇದೇ ಕಾರಣಕ್ಕೆ. ಚಿತ್ರದ ಹಾಳೆಯಲ್ಲಿ ಹಾಗಲ್ಲ. ಅಲ್ಲಿ ಮರ, ಮನೆ, ಚಂದ್ರ ಮೂರೂ ಒಂದೇ ಹಾಳೆಗೆ ಅಂಟಿಕೊಂಡಿವೆ. ಕ್ಯಾಮೆರಾಕ್ಕೆ ಮೂರೂ ಒಂದೇ ದೂರ.

ಹಾಗಾದರೆ ಅವನ್ನು ಬೇರೆ ಬೇರೆ ಮಾಡಿಬಿಟ್ಟರೆ? ಡಿಸ್ನಿ ಸ್ಟುಡಿಯೋದವರು ಮಾಡಿದ್ದು ಅದನ್ನೇ. ಮರಗಳನ್ನು ಒಂದು ಗಾಜಿನ ಮೇಲೆ ಬರೆದರು, ಮನೆಯನ್ನು ಇನ್ನೊಂದರ ಮೇಲೆ. ಚಂದ್ರ, ಆಕಾಶ ಎಲ್ಲಕ್ಕಿಂತ ಕೆಳಗೆ. ಈ ಹಂತಗಳನ್ನು ಒಂದರ ಮೇಲೊಂದು ನಿಲ್ಲಿಸಲು ಎರಡಾಳೆತ್ತರದ ಕಬ್ಬಿಣದ ಚೌಕಟ್ಟು, ತುತ್ತತುದಿಯಲ್ಲಿ ಕೆಳಮುಖವಾಗಿ ಕ್ಯಾಮೆರಾ. ಇದೇ ಮಲ್ಟಿಪ್ಲೇನ್ ಕ್ಯಾಮೆರಾ. ಹಿಡಿ ತಿರುಗಿಸಿದರೆ ಯಾವ ಗಾಜು ಬೇಕೋ ಅದೊಂದೇ ಕ್ಯಾಮೆರಾದ ಕಡೆಗೆ ಏರುತ್ತದೆ. ಚಂದ್ರನ ಹಂತವನ್ನು ಯಾರೂ ಮುಟ್ಟುವುದಿಲ್ಲ. ಕೂದಲೆಳೆಯಷ್ಟು ಸರಿಸು, ಒಂದು ಫೋಟೊ ತೆಗೆ. ಮತ್ತೆ ಸರಿಸು, ಮತ್ತೊಂದು ಫೋಟೊ. ಹೀಗೆ 24 ಫೋಟೊ ತೆಗೆದರೆ ಪರದೆಯ ಮೇಲೆ ಒಂದು ಸೆಕೆಂಡು!

1937ರಲ್ಲಿ ‘ದಿ ಓಲ್ಡ್ ಮಿಲ್’ ಎಂಬ ಕಿರುಚಿತ್ರದಲ್ಲಿ ಈ ಯಂತ್ರವನ್ನು ಪರೀಕ್ಷಿಸಿದರು. ಅದಕ್ಕೆ ಆಸ್ಕರ್ ಬಂತು. ಅದೇ ವರ್ಷದ ಕೊನೆಯಲ್ಲಿ, ಇದೇ ಯಂತ್ರವನ್ನು ಬಳಸಿದ ಪೂರ್ಣ ಸಿನಿಮಾ ‘ಸ್ನೋ ವೈಟ್’ ಬಂತು.

ಗಾಜಿನ ಹಂತಗಳ ಉಪಾಯ ಡಿಸ್ನಿಯವರೊಬ್ಬರದೇ ಅಲ್ಲ. ಜರ್ಮನಿಯ ಲೋಟೆ ರೈನಿಗರ್ ಎಂಬಾಕೆ 1926ರಲ್ಲೇ, ಕತ್ತರಿಯಲ್ಲಿ ಕತ್ತರಿಸಿದ ಕಪ್ಪು ನೆರಳುಗೊಂಬೆಗಳನ್ನು ಗಾಜಿನ ಮೇಲಿಟ್ಟು ಒಂದು ಪೂರ್ಣ ಸಿನಿಮಾ ಮಾಡಿದ್ದರು. ಮಿಕ್ಕಿ ಇಲಿಯ ಮೊದಮೊದಲ ಚಿತ್ರಗಳನ್ನು ಬರೆದ ಅಬ್ ಐವರ್ಕ್ಸ್ 1930ರಲ್ಲಿ ಡಿಸ್ನಿಯನ್ನು ಬಿಟ್ಟು ಸ್ವಂತ ಸ್ಟುಡಿಯೋ ತೆರೆದರು. ಅಲ್ಲಿ ಹಳೇ ಕಾರಿನ ಭಾಗಗಳನ್ನು ಜೋಡಿಸಿ ಇಂಥದೇ ಕ್ಯಾಮೆರಾ ಕಟ್ಟಿದರು. ಅವರ ಬದುಕಿನ ಸಾಕ್ಷ್ಯಚಿತ್ರವನ್ನು 1999ರಲ್ಲಿ ಮಾಡಿದ್ದು ಅವರ ಮೊಮ್ಮಗಳು ಲೆಸ್ಲಿ. 2007ರಲ್ಲಿ ಆಕೆಯೇ, ಕಂಪ್ಯೂಟರಿನಲ್ಲಿ ಕಾರ್ಟೂನ್ ಮಾಡುವ ಪಿಕ್ಸಾರ್ ಸ್ಟುಡಿಯೋದ ಕತೆಯನ್ನೂ ಹೇಳಿದರು. ಅಜ್ಜನ ಕೈಕೆಲಸದಿಂದ ಕಂಪ್ಯೂಟರಿನ ಕಾಲದವರೆಗೆ ಒಂದೇ ಮನೆಯ ಹುಡುಗಿ ಹೇಳಿದ ಕತೆ ಎಂದು ನೆನೆದರೆ ನನಗೆ ತುಂಬ ಖುಷಿಯಾಗುತ್ತದೆ.

ಹಂತಗಳ ಈ ಉಪಾಯವನ್ನು ನೀವೂ ಮಾಡಿ ನೋಡಬಹುದು. ನೆಲದ ಮೇಲೆ ಕಡುನೀಲಿ ಕಾಗದ ಹಾಸಿ, ನಟ್ಟನಡುವೆ ರೂಪಾಯಿಯಗಲದ ಬಿಳಿ ಚಂದ್ರನನ್ನು ಅಂಟಿಸಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಎರಡೂ ಅಂಚಿಗೆ ಮಾರ್ಕರ್ ಪೆನ್ನಿನಲ್ಲಿ ಮರಗಳನ್ನು ಬರೆಯಿರಿ. ಎರಡು ಸ್ಟೂಲುಗಳ ನಡುವೆ ಅಡ್ಡಲಾಗಿ ಅಮ್ಮನ ಮೊಬೈಲ್ ಇಡಿ, ಕ್ಯಾಮೆರಾ ಕೆಳಗೆ ನೋಡುತ್ತಿರಲಿ. ವಿಡಿಯೊ ಶುರುಮಾಡಿ, ಪ್ಲಾಸ್ಟಿಕ್ ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ನೆಲದಿಂದ ಮೆಲ್ಲಗೆ ಮೇಲೆತ್ತಿ. ಮರಗಳು ಬೆಳೆಯುತ್ತಾ ಬೆಳೆಯುತ್ತಾ ನಿಮ್ಮ ಎಡಬಲದಲ್ಲಿ ಹಾದುಹೋಗುತ್ತವೆ, ತೋಪಿನೊಳಗೆ ನಡೆದಂತೆ. ನಡುವೆ ಚಂದಮಾಮ, ಇದ್ದಲ್ಲೇ, ಇದ್ದಷ್ಟೇ.